ಹಳೆ ಮಸ್ಟಾಂಗ್‌ಗೆ ಎಕ್ಸ್‌ಪ್ಲೋರರ್ ಆಕ್ಸಲ್: ಗುಜರಿಯಿಂದ ಹಿಂಬದಿ ಡಿಸ್ಕ್ ಬ್ರೇಕ್

ಫೋರ್ಡ್ ಮಸ್ಟಾಂಗ್ 1964ರ ಏಪ್ರಿಲ್‌ನಲ್ಲಿ ಹೊರಬಂದಾಗ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ ಇತ್ತು. 1965ರ ಮಾಡೆಲ್‌ನಲ್ಲಿ ಹೆಚ್ಚಿಗೆ ದುಡ್ಡು ಕೊಟ್ಟವರಿಗೆ ಮುಂದೆ ಡಿಸ್ಕ್ ಸಿಕ್ಕಿತು. ಹಿಂದಿನ ಚಕ್ರಗಳಿಗೆ ಮಾತ್ರ 1973ರವರೆಗೂ ಡ್ರಮ್ಮೇ ಗತಿ. ಇವತ್ತು ಅಮೆರಿಕದಲ್ಲಿ ಈ ಕಾರು ಇಟ್ಟುಕೊಂಡವರು ಹಿಂದಕ್ಕೂ ಡಿಸ್ಕ್ ಬೇಕು ಅನ್ನಿಸಿದಾಗ ಎರಡು ದಾರಿ ಹಿಡಿಯುತ್ತಾರೆ. ಒಂದು, ಪೆಟ್ಟಿಗೆಯಲ್ಲಿ ಬರುವ ಹೊಸ ಕಿಟ್. ಇನ್ನೊಂದು, ಗುಜರಿ ಯಾರ್ಡಿಗೆ ಹೋಗಿ 1995ರಿಂದ 2001ರವರೆಗಿನ ಫೋರ್ಡ್ ಎಕ್ಸ್‌ಪ್ಲೋರರ್‌ನ ಹಿಂಬದಿ ಆಕ್ಸಲ್ಲನ್ನೇ ಇಡಿಯಾಗಿ ಬಿಚ್ಚಿ ತರುವುದು. ಈ ಬರಹ ಎರಡನೆಯ ದಾರಿಯದು. ಅಲ್ಲಿ ನೆಲೆಸಿ ಗ್ಯಾರೇಜಿನಲ್ಲಿ ಹಳೆ ಕಾರು ಇಟ್ಟುಕೊಂಡಿರುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬಹುದು.

ಎಕ್ಸ್‌ಪ್ಲೋರರ್ ಹುಟ್ಟಿದ್ದು ರೇಂಜರ್ ಪಿಕಪ್ ಟ್ರಕ್ಕಿನ ಅಡಿಪಾಯದ ಮೇಲೆ. ಹಾಗಾಗಿ ಅದರ ಆಕ್ಸಲ್ ಟ್ರಕ್ಕಿನ ಆಕ್ಸಲ್ಲೇ. ಅದರೊಳಗಿನ ದೊಡ್ಡ ಗೇರು, ಅಂದರೆ ರಿಂಗ್ ಗೇರಿನ ವ್ಯಾಸ 8.8 ಇಂಚು, ಆಕ್ಸಲ್ ಶಾಫ್ಟಿಗೆ 31 ಸ್ಪ್ಲೈನ್ (ಗೇರಿಗೆ ಸೇರುವ ತುದಿಯ ಹಲ್ಲುಗಳು), ಶಾಫ್ಟನ್ನು ಒಳಗಿಟ್ಟುಕೊಂಡ ಟ್ಯೂಬಿನ ಹೊರ ವ್ಯಾಸ ಮೂರೂಕಾಲು ಇಂಚು. ಮಸ್ಟಾಂಗ್‌ನ 8 ಇಂಚಿನ ಆಕ್ಸಲ್ಲಿಗೆ 28 ಸ್ಪ್ಲೈನ್ ಮಾತ್ರ. ಚಕ್ರದ ಬೋಲ್ಟುಗಳೂ ಹೊಂದುತ್ತವೆ: ಎರಡಕ್ಕೂ ಐದು ಬೋಲ್ಟು, ನಾಲ್ಕೂವರೆ ಇಂಚಿನ ವೃತ್ತ. ಆದರೆ ಈ ಮಾತು ವಿ8 ಮಸ್ಟಾಂಗ್‌ಗೆ ಮಾತ್ರ. ಮೊದಮೊದಲ ಆರು ಸಿಲಿಂಡರ್ ಕಾರುಗಳಿಗೆ ನಾಲ್ಕೇ ಬೋಲ್ಟು. ನಿಮ್ಮದು ಅಂಥದ್ದಾದರೆ ಮೊದಲು ಮುಂದಿನ ಹಬ್ಬುಗಳನ್ನು ಐದು ಬೋಲ್ಟಿಗೆ ಬದಲಿಸಬೇಕು. ಇಲ್ಲದಿದ್ದರೆ ಮುಂದೊಂದು ಥರದ ಚಕ್ರ, ಹಿಂದೊಂದು ಥರದ ಚಕ್ರ ಇಟ್ಟುಕೊಂಡು ಓಡಾಡಬೇಕಾಗುತ್ತದೆ.

ನಿಮಗೆ ಇದು ಬೇಕಾ?

ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಕಾರು ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರಗಳದ್ದೇ. ಆದ್ದರಿಂದ ಮುಂದೆ ಇನ್ನೂ ಡ್ರಮ್ ಇದ್ದರೆ ಹಿಂದಿನದನ್ನು ಮುಟ್ಟಲೇಬೇಡಿ. ಮುಂದೆ ಡಿಸ್ಕ್ ಹಾಕಿಸಿ, ನಾಲ್ಕು ತಿಂಗಳು ಓಡಿಸಿ, ಆಮೇಲೆ ಯೋಚಿಸಿ. ಮುಂದೆ ಡ್ರಮ್, ಹಿಂದೆ ಡಿಸ್ಕ್ ಅನ್ನುವ ಜೋಡಿ ಅಪಾಯದ್ದು.

ಬರೀ ಬ್ರೇಕಿಗೋಸ್ಕರ ಆದರೆ ಇಷ್ಟೆಲ್ಲ ಕಷ್ಟ ಬೇಡ ಅನ್ನುವುದು ನನ್ನ ಅಭಿಪ್ರಾಯ. ಸರಿಯಾಗಿ ಹೊಂದಿಸಿದ ಹಿಂಬದಿ ಡ್ರಮ್ ಊರೊಳಗಿನ ಓಡಾಟಕ್ಕೆ ಧಾರಾಳವಾಗಿ ಸಾಕು. ಇಂಜಿನ್ ಬಲ ಹೆಚ್ಚಿಸಿದ್ದೀರಿ, ಹಳೆ ಆಕ್ಸಲ್ ತಡೆಯುತ್ತದೋ ಇಲ್ಲವೋ ಅನ್ನುವ ಅನುಮಾನವಿದೆ, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲೂ (ಆಕ್ಸಲ್ ನಡುವೆ ಎರಡೂ ಚಕ್ರಕ್ಕೆ ಬಲ ಹಂಚುವ ಗೇರು ಗುಂಪು, ಒಂದೇ ಚಕ್ರ ಜಾರಿ ಸುತ್ತದಂತೆ ತಡೆಯುವ ಬಗೆಯದು) ಬೇಕು, ಜೊತೆಗೆ ಡಿಸ್ಕೂ ಬೇಕು ಎಂದರೆ ಆಗ ಈ ಲೆಕ್ಕ ಕೂಡುತ್ತದೆ. ಒಂದೇ ಕೆಲಸದಲ್ಲಿ ಮೂರೂ ಆಗುತ್ತವೆ.

ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೆ ಇಲ್ಲೇ ಒಂದು ಮಾತು. ಅಂಬಾಸಿಡರ್‌ಗೋ ಪದ್ಮಿನಿಗೋ ಬೇರೆ ಗಾಡಿಯ ಆಕ್ಸಲ್ ಹಾಕುವ ಆಸೆ ಬಂದರೆ ಮೊದಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಅಮೆರಿಕದಲ್ಲೂ ರಾಜ್ಯಕ್ಕೊಂದು ನಿಯಮ, ವಿಮೆ ಕಂಪನಿಗೊಂದು ಷರತ್ತು. ಕೆಲಸಕ್ಕೆ ಕೈ ಹಾಕುವ ಮುಂಚೆ ವಿಚಾರಿಸಿ.

ಮೊದಲು ಟೇಪು ಹಿಡಿಯಿರಿ

ಒಂದು ಬದಿಯ ಚಕ್ರ ಕೂರುವ ಫ್ಲ್ಯಾಂಜಿನಿಂದ ಇನ್ನೊಂದು ಬದಿಯ ಫ್ಲ್ಯಾಂಜಿನವರೆಗಿನ ಅಗಲವೇ ಎಲ್ಲವನ್ನೂ ತೀರ್ಮಾನಿಸುವುದು. ಎಕ್ಸ್‌ಪ್ಲೋರರ್ ಆಕ್ಸಲ್ ಸುಮಾರು 59.5 ಇಂಚು. 1965-66ರ ಮಸ್ಟಾಂಗ್ 57.25 ಇಂಚು, 1967ರಿಂದ 70ರವರೆಗಿನದು 59.25, 1971ರಿಂದ 73ರವರೆಗಿನದು 61.25.

ನಿಮ್ಮದು 67ರಿಂದ 70ರ ನಡುವಿನ ಕಾರಾದರೆ ಅದೃಷ್ಟವಂತರು, ಹೆಚ್ಚುಕಡಿಮೆ ಹಾಗೇ ಕೂರುತ್ತದೆ. 71ರ ನಂತರದ ಕಾರಿನಲ್ಲಿ ಚಕ್ರ ಸ್ವಲ್ಪ ಒಳಗೆ ಹೋಗುತ್ತದೆ. ಅದನ್ನು ರಿಮ್ಮಿನ ಆಫ್‌ಸೆಟ್‌ನಲ್ಲಿ ಸರಿಮಾಡಬಹುದು. ತಲೆನೋವು ಇರುವುದು 65-66ರವರಿಗೆ. ಅಲ್ಲಿ ಟೈರು ಫೆಂಡರಿಗೆ ಉಜ್ಜುತ್ತದೆ.

ಅದಕ್ಕೂ ಒಂದು ಜಾಣ ಉಪಾಯ ಇದೆ. ಎಕ್ಸ್‌ಪ್ಲೋರರ್ ಆಕ್ಸಲ್‌ನ ಡಿಫರೆನ್ಷಿಯಲ್ ನಟ್ಟ ನಡುವೆ ಇಲ್ಲ, ಬಲಕ್ಕೆ ಸರಿದಿದೆ. ಹಾಗಾಗಿ ಎಡಗಡೆ, ಅಂದರೆ ಅಮೆರಿಕದಲ್ಲಿ ಡ್ರೈವರ್ ಕೂರುವ ಕಡೆಯ ಟ್ಯೂಬು ಸುಮಾರು ಮೂರು ಇಂಚು ಉದ್ದ. ಆ ಟ್ಯೂಬಿನಿಂದ ಮೂರು ಇಂಚಿಗೆ ಚೂರು ಕಡಿಮೆ ಕತ್ತರಿಸಿ ತೆಗೆದರೆ ಎರಡೂ ಬದಿ ಸಮ ಆಗುತ್ತವೆ. ಆಗ ಎಡಗಡೆಗೂ ಬಲಗಡೆಯ ಗಿಡ್ಡ ಶಾಫ್ಟೇ ಕೂರುತ್ತದೆ. ಇನ್ನೊಂದು ಗುಜರಿ ಎಕ್ಸ್‌ಪ್ಲೋರರ್‌ನಿಂದ ಅದೊಂದು ಶಾಫ್ಟು ತಂದರೆ ಮುಗಿಯಿತು. ದುಬಾರಿ ಹೊಸ ಶಾಫ್ಟು ಮಾಡಿಸುವ ಗೋಜಿಲ್ಲ. ಒಟ್ಟು ಅಗಲ ಸುಮಾರು 56.5 ಇಂಚಿಗೆ ಇಳಿಯುತ್ತದೆ. 65-66ರ ಅಳತೆಗೆ ಅದು ಸಾಕಷ್ಟು ಹತ್ತಿರ.

ಆದರೆ ಈ ಕತ್ತರಿಸುವ ಕೆಲಸ ಮನೆಯಲ್ಲಿ ಬೇಡ. ಟ್ಯೂಬಿನೊಳಗೆ ಉದ್ದನೆಯ ಸರಳು ಹಾಕಿ ನೇರ ಹಿಡಿದು ವೆಲ್ಡ್ ಮಾಡುವ ಸಲಕರಣೆ ಆಕ್ಸಲ್ ಕೆಲಸದ ಅಂಗಡಿಯಲ್ಲಿ ಇರುತ್ತದೆ. ಕೂದಲೆಳೆಯಷ್ಟು ಸೊಟ್ಟವಾದರೂ ಬೇರಿಂಗು, ಸೀಲು ಬೇಗ ಹಾಳಾಗುತ್ತವೆ. ಟ್ಯೂಬಿನ ತುದಿಯಲ್ಲಿ ಬ್ರೇಕ್ ಕೂರುವ ಚಪ್ಪಟೆ ಫ್ಲ್ಯಾಂಜು ಮೊದಲಿದ್ದ ಕೋನದಲ್ಲೇ ಮರಳಿ ಬರಬೇಕೆಂದು ಒತ್ತಿ ಹೇಳಿ. ಅದು ತಿರುಗಿಕೊಂಡರೆ ಡಿಸ್ಕನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್ ತಪ್ಪು ಜಾಗಕ್ಕೆ ಹೋಗುತ್ತದೆ.

ಯಾರ್ಡಿನಲ್ಲಿ

ವರ್ಷ ನೋಡಿಕೊಂಡು ಹೋಗಿ. 1991ರಿಂದ 94ರ ಎಕ್ಸ್‌ಪ್ಲೋರರ್‌ಗೂ 8.8 ಆಕ್ಸಲ್ಲೇ, ಆದರೆ ಡ್ರಮ್ ಬ್ರೇಕು. ಡಿಸ್ಕ್ ಬಂದಿದ್ದು 1995ರಿಂದ. 2002ರ ನಾಲ್ಕು ಬಾಗಿಲಿನ ಎಕ್ಸ್‌ಪ್ಲೋರರ್‌ಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂತು, ಅದು ನಮಗೆ ಕೆಲಸಕ್ಕೆ ಬಾರದು. 1997ರಿಂದ 2001ರ ಮರ್ಕ್ಯುರಿ ಮೌಂಟನೀರ್ ಅಡಿಯಲ್ಲೂ ಇದೇ ಆಕ್ಸಲ್ ಇರುತ್ತದೆ. ಎಲ್ಲರ ಕಣ್ಣು ಎಕ್ಸ್‌ಪ್ಲೋರರ್ ಮೇಲೇ ಇರುವುದರಿಂದ ಇದನ್ನೂ ಒಮ್ಮೆ ಬಗ್ಗಿ ನೋಡಿ.

ಡಿಫರೆನ್ಷಿಯಲ್ ಕವರಿನ ಬೋಲ್ಟಿನಲ್ಲಿ ಒಂದು ಪುಟ್ಟ ತಗಡಿನ ಬಿಲ್ಲೆ ನೇತಾಡುತ್ತಿರುತ್ತದೆ. ತುಕ್ಕು ಒರೆಸಿ ಓದಿ. 3 73 ಎಂದಿದ್ದರೆ 3.73 ಗೇರ್ ರೇಷಿಯೋ (ಚಕ್ರ ಒಂದು ಸುತ್ತು ತಿರುಗಲು ಇಂಜಿನ್ ಕಡೆಯ ಶಾಫ್ಟು 3.73 ಸುತ್ತು), ಮಾಮೂಲಿ ಡಿಫರೆನ್ಷಿಯಲ್. ನಡುವಿನ ಖಾಲಿ ಜಾಗದಲ್ಲಿ ಇಂಗ್ಲಿಷ್ ಎಲ್ ಅಕ್ಷರ ಇದ್ದರೆ ಲಿಮಿಟೆಡ್ ಸ್ಲಿಪ್. ಬಿಲ್ಲೆ ಬಿದ್ದುಹೋಗಿದ್ದರೆ ಡ್ರೈವರ್ ಬಾಗಿಲಿನ ಸ್ಟಿಕರಿನಲ್ಲಿ ಆಕ್ಸಲ್ ಕೋಡು ನೋಡಿ: ಡಿ4 ಅಂದರೆ 3.73 ಲಿಮಿಟೆಡ್ ಸ್ಲಿಪ್, ಡಿ2 ಅಂದರೆ 4.10 ಲಿಮಿಟೆಡ್ ಸ್ಲಿಪ್, 45 ಅಂದರೆ 3.55 ಮಾಮೂಲಿ. ಓವರ್‌ಡ್ರೈವ್ ಇಲ್ಲದ ಹಳೆ ಗೇರ್‌ಬಾಕ್ಸ್ ಇದ್ದವರು 4.10 ತಂದರೆ ಹೆದ್ದಾರಿಯಲ್ಲಿ ಇಂಜಿನ್ ಕಿರುಚುತ್ತದೆ. 3.27 ಅಥವಾ 3.55 ಸಾಕು.

ಯಾರ್ಡಿನಲ್ಲಿ ಗಾಡಿಗಳನ್ನು ಹಳೆ ರಿಮ್ಮುಗಳ ಮೇಲೆ ಕೂರಿಸಿರುತ್ತಾರೆ. ಕೆಳಗೆ ನುಗ್ಗುವ ಮುಂಚೆ ಗಾಡಿಯನ್ನು ಚೆನ್ನಾಗಿ ಅಲ್ಲಾಡಿಸಿ ನೋಡಿ. ಅಲುಗಿದರೆ ಬೇರೆ ಗಾಡಿ ಹುಡುಕಿ. ಆಕ್ಸಲ್ ಭಾರ ಜಾಸ್ತಿ, ಒಬ್ಬರೇ ಹೋಗಬೇಡಿ. ಕಿಡಿ ಹಾರುವ ಗ್ರೈಂಡರನ್ನು ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ. ಹಾಗಾಗಿ ಉದ್ದ ಹಿಡಿಯ ಬ್ರೇಕರ್ ಬಾರ್, ತುಕ್ಕು ಬಿಡಿಸುವ ಎಣ್ಣೆ, ಬ್ಯಾಟರಿ ಗರಗಸ ಒಯ್ಯಿರಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಆಕ್ಸಲ್ ಜೊತೆ ಅಂಟಿಕೊಂಡಿರುವ ಒಂದು ಚೂರನ್ನೂ ಬಿಡಬೇಡಿ. ಕ್ಯಾಲಿಪರ್, ಅದರ ಬ್ರಾಕೆಟ್ಟು, ರೋಟರ್ (ಅಂದರೆ ಡಿಸ್ಕ್), ರೋಟರಿನ ಹೊಟ್ಟೆಯೊಳಗಿರುವ ಹ್ಯಾಂಡ್‌ಬ್ರೇಕ್ ಶೂ, ಅದರ ಹಿಂದಿನ ತಗಡು, ಸ್ಪ್ರಿಂಗು, ಲಿವರ್ರು, ಎರಡೂ ಬದಿಯ ಹ್ಯಾಂಡ್‌ಬ್ರೇಕ್ ಕೇಬಲ್ಲು, ಆಕ್ಸಲ್ ಮೇಲಿನ ಬ್ರೇಕ್ ಪೈಪು, ಕ್ಯಾಲಿಪರಿಗೆ ಹೋಗುವ ಗಿಡ್ಡ ಹೋಸು, ಹೋಸಿನ ಟೊಳ್ಳು ಬೋಲ್ಟು, ನೆಲೆ ಹಿಡಿಯುವ ಕ್ಲಿಪ್ಪು, ಎಲ್ಲಾ. ಪೈಪು ಹೋಸುಗಳನ್ನು ಕಾರಿಗೆ ಮತ್ತೆ ಹಾಕುವುದಕ್ಕಲ್ಲ, ಅಳತೆಗೆ ಮತ್ತು ಮಾದರಿಗೆ. ಹ್ಯಾಂಡ್‌ಬ್ರೇಕಿನ ಒಂದು ಲಿವರಿಗೋಸ್ಕರ ಮತ್ತೆ ಯಾರ್ಡಿಗೆ ಓಡುವುದು ಇದ್ದಿದ್ದೇ, ಅದನ್ನು ಈಗಲೇ ತಪ್ಪಿಸಿಕೊಳ್ಳಿ. ಗೇರ್‌ಬಾಕ್ಸಿಗೆ ಹೋಗುವ ಡ್ರೈವ್‌ಶಾಫ್ಟ್‌ ಬೋಲ್ಟುಗಳನ್ನೂ ಅದು ಬಂದು ಸೇರುವ ಪಿನಿಯನ್ (ರಿಂಗ್ ಗೇರನ್ನು ತಿರುಗಿಸುವ ಸಣ್ಣ ಗೇರು) ಫ್ಲ್ಯಾಂಜನ್ನೂ ಮರೆಯಬೇಡಿ.

ಮನೆಗೆ ತಂದ ಮೇಲೆ

ಕವರಿನ 10 ಬೋಲ್ಟು ಬಿಚ್ಚಿ ಎಣ್ಣೆ ಇಳಿಸಿ. ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣನೆ ಬೂದು ಪುಡಿ ಇದ್ದರೆ ಚಿಂತೆಯಿಲ್ಲ, ಚಕ್ಕೆ ಚಕ್ಕೆಯಾಗಿ ಲೋಹ ಸಿಕ್ಕರೆ ಗೇರು ಸವೆದಿದೆ.

ಇದು ಸಿ-ಕ್ಲಿಪ್ ಆಕ್ಸಲ್. ಶಾಫ್ಟನ್ನು ಒಳಗಿನಿಂದ ಒಂದು ಸಣ್ಣ ಕ್ಲಿಪ್ಪು ಹಿಡಿದಿರುತ್ತದೆ. ಕ್ಯಾಲಿಪರ್, ರೋಟರ್ ತೆಗೆದು, ನಡುವಿನ ಅಡ್ಡ ಪಿನ್ನನ್ನು ಹಿಡಿದ ಲಾಕ್ ಬೋಲ್ಟು ಬಿಚ್ಚಿ. ಈ ಬೋಲ್ಟು ಮುರಿಯುವುದರಲ್ಲಿ ಹೆಸರುವಾಸಿ. ನಿಧಾನ, ಬಿಸಿ ಮಾಡಿ ಬಿಚ್ಚಿ, ವಾಪಸ್ ಹಾಕುವಾಗ ಹೊಸದನ್ನೇ ಹಾಕಿ. ಪಿನ್ ಎಳೆದ ಮೇಲೆ ಶಾಫ್ಟನ್ನು ಒಳಕ್ಕೆ ತಳ್ಳಿದರೆ ಕ್ಲಿಪ್ಪು ಕೈಗೆ ಬೀಳುತ್ತದೆ. ಪಿನ್ ಹೊರಗಿರುವಾಗ ಗೇರು ತಿರುಗಿಸಬೇಡಿ, ಒಳಗಿನ ಸಣ್ಣ ಗೇರುಗಳು ಜಾರಿ ಬೀಳುತ್ತವೆ.

ಹೊರಬಂದ ಶಾಫ್ಟಿನ ಬೇರಿಂಗ್ ಜಾಗ ನೋಡಿ. ಈ ಥರದ ಆಕ್ಸಲ್‌ನಲ್ಲಿ ಬೇರಿಂಗಿನ ರೋಲರುಗಳು ನೇರ ಶಾಫ್ಟಿನ ಮೇಲೇ ಉರುಳುತ್ತವೆ. ಉಗುರಿಗೆ ಗೀರು ಅಥವಾ ಗುಳಿ ತಾಕಿದರೆ ಆ ಶಾಫ್ಟು ಬೇಡ. ಬೇರಿಂಗು ಮತ್ತು ಸೀಲು ಹೇಗೂ ಹೊಸದು ಹಾಕಿ. ರೋಟರ್, ಪ್ಯಾಡು, ಹ್ಯಾಂಡ್‌ಬ್ರೇಕ್ ಶೂ, ಹೋಸು ಹೊಸದೇ ಇರಲಿ. ಕ್ಯಾಲಿಪರನ್ನು ರೀಬಿಲ್ಟ್ ತಗೊಂಡು, ಗುಜರಿಯದನ್ನು ಕೋರ್ (ಹೊಸದರ ಬದಲಿಗೆ ಅಂಗಡಿಗೆ ಕೊಡುವ ಹಳೆ ಭಾಗ) ಎಂದು ವಾಪಸ್ ಕೊಟ್ಟರೆ ದುಡ್ಡೂ ಉಳಿಯುತ್ತದೆ. ಹ್ಯಾಂಡ್‌ಬ್ರೇಕ್ ತಗಡು ತುಕ್ಕು ಹಿಡಿದು ತೂತಾಗಿರುವುದು ತುಂಬ ಸಾಮಾನ್ಯ. ಉಪ್ಪು ಸುರಿಯುವ ಹಿಮದ ರಾಜ್ಯಗಳ ಗಾಡಿಯಾದರಂತೂ ಖಾತ್ರಿ.

ಡಿಫರೆನ್ಷಿಯಲ್ ಇರುವ ನಡುವಿನ ಉಬ್ಬಿನ ಮೇಲೆ ಎಬಿಎಸ್ ಸೆನ್ಸರ್ ಇದೆ. ಅದನ್ನು ಅಲ್ಲೇ ಬಿಡಿ, ತೂತಿಗೆ ಮುಚ್ಚಳವಾಗಿ ಉಪಯೋಗಕ್ಕೆ ಬರುತ್ತದೆ. ಗಾಳಿ ಹೋಗುವ ವೆಂಟ್ ಮಾತ್ರ ಕಟ್ಟಿರಬಾರದು, ಕಟ್ಟಿದರೆ ಒತ್ತಡಕ್ಕೆ ಸೀಲಿನಿಂದ ಎಣ್ಣೆ ಸೋರಿ ಹೊಸ ಶೂಗಳೆಲ್ಲ ಹಾಳು.

ಕಾರಿನ ಕೆಳಗೆ

ಕಾರನ್ನು ಸಮ ನೆಲದಲ್ಲಿ ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಬರೀ ಜಾಕ್ ನಂಬಬೇಡಿ. ಹಳೆ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಡ್ರಮ್ಮಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಮಾಡಿ ಒರೆಸಿ.

ಎಕ್ಸ್‌ಪ್ಲೋರರ್‌ನಲ್ಲೂ ಮಸ್ಟಾಂಗ್‌ನಲ್ಲೂ ಲೀಫ್ ಸ್ಪ್ರಿಂಗು ಆಕ್ಸಲ್ಲಿನ ಕೆಳಗೇ ಇರುತ್ತದೆ. ಆದರೆ ಎರಡು ಸ್ಪ್ರಿಂಗುಗಳ ನಡುವಿನ ದೂರ ಬೇರೆ. ಹಾಗಾಗಿ ಆಕ್ಸಲ್ಲಿನ ಹಳೆ ಪರ್ಚುಗಳನ್ನು (ಸ್ಪ್ರಿಂಗು ಕೂರುವ ಪೀಠ) ಕತ್ತರಿಸಿ, ಉಜ್ಜಿ ನುಣ್ಣಗೆ ಮಾಡಿ, ಮೂರೂಕಾಲು ಇಂಚಿನ ಟ್ಯೂಬಿಗೆ ಹೊಂದುವ ಹೊಸ ಪರ್ಚು ವೆಲ್ಡ್ ಮಾಡಬೇಕು. ಹಳೆ ಯು-ಬೋಲ್ಟು, ಅದರ ಕೆಳಗಿನ ಪ್ಲೇಟು ಈ ದಪ್ಪಕ್ಕೆ ಸಾಲುವುದಿಲ್ಲ, ಅವೂ ಹೊಸದಾಗಬೇಕು.

ಪರ್ಚನ್ನು ಸುಮ್ನೆ ಅಳತೆ ನೋಡಿ ವೆಲ್ಡ್ ಮಾಡಿಬಿಡಬೇಡಿ. ಆಕ್ಸಲ್ಲನ್ನು ಸ್ಪ್ರಿಂಗಿನ ಮೇಲೆ ಬಿಡಿಯಾಗಿ ಕೂರಿಸಿ. ಕಾರಿನ ಪೂರ್ತಿ ಭಾರ ಸ್ಪ್ರಿಂಗಿನ ಮೇಲೆ ಬರುವ ಹಾಗೆ ಸ್ಟ್ಯಾಂಡನ್ನು ಆಕ್ಸಲ್ಲಿನ ಕೆಳಗೆ ಇಡಿ. ಎರಡೂ ಬದಿಯ ಚಕ್ರ ಫೆಂಡರಿನಿಂದ ಒಂದೇ ದೂರದಲ್ಲಿದೆಯಾ ನೋಡಿ. ಆಮೇಲೆ ಪಿನಿಯನ್ ಕೋನ. ಗೇರ್‌ಬಾಕ್ಸಿನ ಹಿಂತುದಿ ಎಷ್ಟು ಡಿಗ್ರಿ ಕೆಳಕ್ಕೆ ಬಾಗಿದೆಯೋ ಪಿನಿಯನ್ ಅಷ್ಟೇ ಮೇಲಕ್ಕೆ ನೋಡಿದರೆ ಎರಡೂ ಸಮಾಂತರ. ಆ ಜಾಗದಿಂದ ಪಿನಿಯನ್ ಮೂತಿಯನ್ನು ಸುಮಾರು 2 ಡಿಗ್ರಿ ಕೆಳಗೆ ಇಳಿಸಿ. ಆಕ್ಸಿಲರೇಟರ್ ಒತ್ತಿದಾಗ ಲೀಫ್ ಸ್ಪ್ರಿಂಗು ತಿರುಚಿಕೊಂಡು ಮೂತಿ ಮೇಲೇಳುತ್ತದೆ, ಆಗ ಸರಿಹೋಗುತ್ತದೆ. ಇಷ್ಟಾದ ಮೇಲೆ ಬರೀ ಚುಕ್ಕಿ ವೆಲ್ಡ್ ಹಾಕಿ, ಆಕ್ಸಲ್ಲನ್ನು ಇಳಿಸಿ, ಹೊರಗಿಟ್ಟು ಪೂರ್ತಿ ವೆಲ್ಡ್ ಮಾಡಿ. ಒಂದೇ ಸಲ ಉದ್ದಕ್ಕೆ ಎಳೆಯಬೇಡಿ. ಒಂದು ಇಂಚು ಈ ಬದಿ, ಒಂದು ಇಂಚು ಆ ಬದಿ, ನಡುವೆ ತಣಿಯಲು ಬಿಡಿ. ಇಲ್ಲದಿದ್ದರೆ ಟ್ಯೂಬು ಬಾಳೆಹಣ್ಣಿನಂತೆ ಬಾಗುತ್ತದೆ.

ಪಿನಿಯನ್ ಫ್ಲ್ಯಾಂಜು ಬೇರೆ, ಉದ್ದವೂ ಬೇರೆ. ಹಾಗಾಗಿ ಹಳೆ ಡ್ರೈವ್‌ಶಾಫ್ಟ್‌ ಹಾಗೇ ಹೊಂದುವುದಿಲ್ಲ. ಆಕ್ಸಲ್ ಕೂತ ಮೇಲೆ ಅಳತೆ ತೆಗೆದು ಡ್ರೈವ್‌ಶಾಫ್ಟ್‌ ಅಂಗಡಿಗೆ ಕೊಡಿ, ಮುಂಚೆಯಲ್ಲ. ಟ್ಯೂಬು ಕತ್ತರಿಸದೆ ಹಾಕಿದವರಿಗೆ ಪಿನಿಯನ್ ಬಲಕ್ಕೆ ಸರಿದೇ ಇರುತ್ತದೆ. ಶಾಫ್ಟು ಕಾರಿನ ತಳದಲ್ಲಿ ಅದು ಹಾಯುವ ಸುರಂಗದ ಗೋಡೆಗೆ ತಾಕದಂತೆ ನೋಡಿಕೊಳ್ಳಿ.

ಚಕ್ರ ಹಾಕಿ ನೋಡುವ ಕೆಲಸವೂ ಈಗಲೇ. 14 ಇಂಚಿನ ಹಳೆ ಸ್ಟೀಲ್ ರಿಮ್ಮು ಸಾಮಾನ್ಯವಾಗಿ ಕ್ಯಾಲಿಪರಿಗೆ ತಾಕುತ್ತದೆ. 15 ಇಂಚು ಬೇಕಾಗಬಹುದು, ಅದನ್ನೂ ಹಾಕಿ ಕೈಯಲ್ಲಿ ತಿರುಗಿಸಿ ನೋಡಿಯೇ ಕೊಳ್ಳಿ.

ಬ್ರೇಕಿನ ನಿಜವಾದ ಕೆಲಸ

ಬೋಲ್ಟು ಬಿಗಿಯುವುದು ಸುಲಭದ ಭಾಗ. ಕಾರು ನಿಲ್ಲುತ್ತದೋ ತಿರುಗಿ ಬೀಳುತ್ತದೋ ಅನ್ನುವುದನ್ನು ನಿರ್ಧರಿಸುವುದು ಬ್ರೇಕ್ ಎಣ್ಣೆಯ ಒತ್ತಡ.

1966ರವರೆಗಿನ ಮಸ್ಟಾಂಗ್‌ಗೆ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆಯನ್ನು ಪೈಪಿಗೆ ತಳ್ಳುವ ಭಾಗ). ಒಂದು ಪೈಪು ಒಡೆದರೆ ನಾಲ್ಕೂ ಬ್ರೇಕ್ ಹೋಯಿತು. 1967ರಿಂದ ಎರಡು ಕೋಣೆಯದು ಬಂತು. ನಿಮ್ಮದು ಹಳೆಯದಾದರೆ ಇದೇ ಸಮಯದಲ್ಲಿ ಎರಡು ಕೋಣೆಯ, ಡಿಸ್ಕ್-ಡಿಸ್ಕ್ ಜೋಡಿಗೆಂದೇ ಮಾಡಿದ ಮಾಸ್ಟರ್ ಸಿಲಿಂಡರ್ ಹಾಕಿ. ಇದರಲ್ಲಿ ಕಂಜೂಸುತನ ಬೇಡ.

ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರಿನೊಳಗೆ ಒಂದು ಪುಟ್ಟ ರಬ್ಬರ್ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ 10 ಪಿಎಸ್‌ಐ ಆಸುಪಾಸು ಒತ್ತಡ ಉಳಿಸುವುದು ಅದರ ಕೆಲಸ. ಡ್ರಮ್ಮಿಗೆ ಅದು ಬೇಕು. ಡಿಸ್ಕಿಗೆ ಅದೇ ಶತ್ರು: ಪ್ಯಾಡು ಸದಾ ರೋಟರಿಗೆ ಉಜ್ಜುತ್ತಾ ಕಾದು ಕೆಂಪಾಗುತ್ತದೆ. ಹಳೆ ಸಿಲಿಂಡರನ್ನೇ ಉಳಿಸಿಕೊಳ್ಳುವುದಾದರೆ ಹಿಂಬದಿ ಪೋರ್ಟಿನ ಹಿತ್ತಾಳೆ ಸೀಟು ಎಳೆದು ಆ ವಾಲ್ವನ್ನು ತೆಗೆಯಲೇಬೇಕು.

ಹಿಂದಿನ ಚಕ್ರಗಳಿಗೆ ಹೋಗುವ ಪೈಪಿನಲ್ಲಿ ಕೈಯಿಂದ ತಿರುಗಿಸಬಹುದಾದ ಪ್ರಪೋರ್ಷನಿಂಗ್ ವಾಲ್ವ್ (ಹಿಂದಕ್ಕೆ ಹೋಗುವ ಒತ್ತಡ ತಗ್ಗಿಸುವ ವಾಲ್ವ್) ಒಂದು ಹಾಕಿ. ಎಕ್ಸ್‌ಪ್ಲೋರರ್ ಭಾರದ ಗಾಡಿ, ಅದರ ಕ್ಯಾಲಿಪರು ಆ ಭಾರಕ್ಕೆ ಲೆಕ್ಕ ಹಾಕಿದ್ದು. ಹಗುರಾದ ಮಸ್ಟಾಂಗ್ ಹಿಂಭಾಗಕ್ಕೆ ಪೂರ್ತಿ ಒತ್ತಡ ಕೊಟ್ಟರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಬಾಲ ತಿರುಗಿಸುತ್ತದೆ. ಕಾರಿನಲ್ಲಿ ಮುಂಚೆಯೇ ಕಾರ್ಖಾನೆಯ ಪ್ರಪೋರ್ಷನಿಂಗ್ ವಾಲ್ವ್ ಇದ್ದರೆ ಅದನ್ನು ತೆಗೆಯಿರಿ. ಒಂದರ ಮೇಲೊಂದು ಎರಡು ಇರಬಾರದು.

ಪೈಪಿಗೆ 3/16 ಇಂಚಿನ ಸ್ಟೀಲ್ ಅಥವಾ ತಾಮ್ರ-ನಿಕಲ್ ಮಿಶ್ರಲೋಹ ಬಳಸಿ. ಎರಡನೆಯದು ಬಗ್ಗಿಸಲು ಸಲೀಸು, ತುಕ್ಕೂ ಹಿಡಿಯದು. ಬರೀ ತಾಮ್ರದ ಪೈಪು ಮತ್ತು ಒತ್ತಿ ಹಿಡಿಯುವ ನಲ್ಲಿ ಜಾಯಿಂಟು ಬ್ರೇಕಿಗೆ ಬೇಡವೇ ಬೇಡ. ತುದಿಗೆ ಡಬಲ್ ಫ್ಲೇರ್ (ಅಂಚನ್ನು ಅಗಲಿಸಿ ಎರಡು ಪದರ ಮಡಿಸುವುದು) ಮಾಡಿ. ಕ್ಯಾಲಿಪರು ಬ್ರೇಕ್ ಒತ್ತಿದಾಗ ಅಡ್ಡಕ್ಕೆ ಜಾರುವ ಜಾತಿಯದು, ಆದ್ದರಿಂದ ಗಟ್ಟಿ ಪೈಪನ್ನು ನೇರ ಅದಕ್ಕೆ ಜೋಡಿಸಿದರೆ ಕೆಲವೇ ದಿನದಲ್ಲಿ ಬಿರುಕು. ನಡುವೆ ಹೋಸು ಇರಬೇಕು.

ಎಡ ಬಲ ಕ್ಯಾಲಿಪರು ಅದಲುಬದಲಾಗಿಲ್ಲವೆಂದು ನೋಡುವುದು ಸುಲಭ. ಗಾಳಿ ಬಿಡುವ ತಿರುಪು ಮೇಲ್ಗಡೆ ಇರಬೇಕು. ಕೆಳಗಿದ್ದರೆ ಎಷ್ಟು ಬ್ಲೀಡ್ ಮಾಡಿದರೂ ಗಾಳಿ ಒಳಗೇ ಉಳಿದು ಪೆಡಲ್ ಮೆತ್ತಗಿರುತ್ತದೆ.

ಹ್ಯಾಂಡ್‌ಬ್ರೇಕಿಗೆ ಎಕ್ಸ್‌ಪ್ಲೋರರ್ ಕೇಬಲ್ಲಿನ ಚಕ್ರದ ತುದಿ, ಮಸ್ಟಾಂಗಿನ ಹಿಡಿಕೆ ತುದಿ ಎರಡನ್ನೂ ನಡುವೆ ಎಳೆತವನ್ನು ಎರಡೂ ಬದಿಗೆ ಸಮ ಹಂಚುವ ಈಕ್ವಲೈಸರಿನಲ್ಲಿ ಕೂಡಿಸಬೇಕು. ಉದ್ದ ಹೊಂದದಿದ್ದರೆ ಅಳತೆಗೆ ಕತ್ತರಿಸಿಕೊಳ್ಳುವ ಕೇಬಲ್ ಕಿಟ್ ಸಿಗುತ್ತದೆ. ಮೊದಲು ರೋಟರ್ ಒಳಗಿನ ಶೂಗಳನ್ನು ನಕ್ಷತ್ರ ತಿರುಪಿನಿಂದ ಹೊಂದಿಸಿ, ಆಮೇಲೆ ಕೇಬಲ್ ಬಿಗಿಯಿರಿ. ಕೇಬಲ್ಲಿನಿಂದಲೇ ಎಲ್ಲ ಸರಿಮಾಡಲು ಹೋದವರ ಹ್ಯಾಂಡ್‌ಬ್ರೇಕ್ ಇಳಿಜಾರಿನಲ್ಲಿ ನಿಲ್ಲುವುದಿಲ್ಲ.

ಎಲ್ಲ ಜೋಡಣೆಯಾದ ಮೇಲೆ ಡಿಫರೆನ್ಷಿಯಲ್ಲಿಗೆ ಹೊಸ ಎಣ್ಣೆ. ಲಿಮಿಟೆಡ್ ಸ್ಲಿಪ್ ಆದರೆ ಫ್ರಿಕ್ಷನ್ ಮಾಡಿಫೈಯರ್ ಸೇರಿಸಿ, ಇಲ್ಲದಿದ್ದರೆ ತಿರುವಿನಲ್ಲಿ ಹಿಂಬದಿ ಕಟಕಟ ಎನ್ನುತ್ತದೆ. ಬ್ರೇಕ್ ಎಣ್ಣೆ ಹೊಸ ಡಬ್ಬಿಯ ಡಾಟ್ 3 ಅಥವಾ ಡಾಟ್ 4. ಸಿಲಿಕೋನಿನ ಡಾಟ್ 5 ಇದರ ಜೊತೆ ಬೆರೆಸಬೇಡಿ. ಡಾಟ್ 3 ಬಣ್ಣ ತಿನ್ನುತ್ತದೆ, ಹಳೆ ಕಾರಿನ ಫೆಂಡರಿಗೆ ದಪ್ಪ ಬಟ್ಟೆ ಹೊದಿಸಿ. ಮಾಸ್ಟರ್ ಸಿಲಿಂಡರನ್ನು ಕಾರಿಗೆ ಹಾಕುವ ಮುಂಚೆ ವೈಸ್‌ನಲ್ಲಿಟ್ಟು ಗಾಳಿ ತೆಗೆಯಿರಿ. ಆಮೇಲೆ ಬಲ ಹಿಂದು, ಎಡ ಹಿಂದು, ಬಲ ಮುಂದು, ಎಡ ಮುಂದು, ಈ ಕ್ರಮದಲ್ಲಿ ಬ್ಲೀಡ್ ಮಾಡಿ. ಮುಗಿದ ಮೇಲೆ ಒಬ್ಬರು ಪೆಡಲನ್ನು ಪೂರ್ತಿ ಬಲದಿಂದ ಒತ್ತಿ ಹಿಡಿಯಲಿ, ಇನ್ನೊಬ್ಬರು ಒಂದೊಂದು ಜಾಯಿಂಟಿಗೂ ಒಣ ಕಾಗದ ಮುಟ್ಟಿಸಿ ಸೋರಿಕೆ ನೋಡಲಿ.

ರಸ್ತೆಗೆ

ಮೊದಲ ಓಟ ಖಾಲಿ ಮೈದಾನದಲ್ಲಿ, ನಡೆಯುವ ವೇಗದಲ್ಲಿ. ಬ್ರೇಕು ಹಿಡಿಯುತ್ತದೆ ಎಂದು ಖಾತ್ರಿಯಾದ ಮೇಲೆ ಹೊಸ ಪ್ಯಾಡನ್ನು ಪಳಗಿಸಿ: ಗಂಟೆಗೆ 30 ಮೈಲಿ ವೇಗದಿಂದ ಮೆಲ್ಲಗೆ ವೇಗ ಇಳಿಸುವುದು, ಪೂರ್ತಿ ನಿಲ್ಲಿಸಬಾರದು, ಹೀಗೆ ಹತ್ತಾರು ಸಲ. ನಂತರ ಕಾರು ನಿಲ್ಲಿಸಿ ಆರಲು ಬಿಡಿ.

ಆರಿದ ಮೇಲೆ ಪ್ರಪೋರ್ಷನಿಂಗ್ ವಾಲ್ವ್ ಹೊಂದಿಸಿ. ಹಿಂದಕ್ಕೆ ಅತಿ ಕಡಿಮೆ ಒತ್ತಡ ಹೋಗುವ ಕಡೆಗೆ ಪೂರ್ತಿ ತಿರುಗಿಸಿ ಶುರು ಮಾಡಿ. ಒಣ ನೆಲ, ಮುಂದೆ ಹಿಂದೆ ಯಾರೂ ಇರಬಾರದು, ಸ್ನೇಹಿತರೊಬ್ಬರು ದೂರದಲ್ಲಿ ಬದಿಗೆ ನಿಂತು ಚಕ್ರ ನೋಡುತ್ತಿರಬೇಕು. ಜೋರಾಗಿ ಬ್ರೇಕ್ ಒತ್ತಿ. ಮುಂದಿನ ಚಕ್ರ ಮೊದಲು ಲಾಕ್ ಆದರೆ ವಾಲ್ವನ್ನು ಅರ್ಧ ಸುತ್ತು ಹೆಚ್ಚಿಸಿ, ಮತ್ತೆ ಒತ್ತಿ. ಹಿಂದಿನದು ಮೊದಲು ಲಾಕ್ ಆಗುವ ಹಂತ ಬಂದ ಕೂಡಲೇ ಒಂದು ಸುತ್ತು ಹಿಂದಕ್ಕೆ. ಅಲ್ಲಿ ಬಣ್ಣದಲ್ಲಿ ಗುರುತು ಹಾಕಿ. ಮಳೆ ಬಂದ ದಿನ ಇದೇ ಪರೀಕ್ಷೆ ಮತ್ತೆ ಮಾಡಬೇಕು. ಒದ್ದೆ ನೆಲದಲ್ಲಿ ಭಾರ ಮುಂದಕ್ಕೆ ಅಷ್ಟು ವಾಲುವುದಿಲ್ಲ, ಹಾಗಾಗಿ ಲೆಕ್ಕ ಬದಲಾಗುತ್ತದೆ ಅಲ್ವಾ? ಟೈರು ಬದಲಿಸಿದಾಗಲೂ ಅಷ್ಟೇ.

ಸುಮಾರು 100 ಮೈಲಿ ಓಡಿದ ಮೇಲೆ ಕಾರನ್ನು ಮತ್ತೆ ಎತ್ತಿ. ಯು-ಬೋಲ್ಟುಗಳು ಕೂತು ಸಡಿಲವಾಗಿರುತ್ತವೆ, ಟಾರ್ಕ್ ರೆಂಚಿನಿಂದ ಬಿಗಿಯಿರಿ. ಚಕ್ರದ ನಟ್ಟು, ಕ್ಯಾಲಿಪರ್ ಬ್ರಾಕೆಟ್ಟಿನ ಬೋಲ್ಟು, ಹೋಸಿನ ಬೋಲ್ಟು ನೋಡಿ. ವೆಲ್ಡ್ ಮಾಡಿದ ಪರ್ಚಿನ ಅಂಚನ್ನು ಟಾರ್ಚು ಹಿಡಿದು ಬಿರುಕಿದೆಯಾ ನೋಡಿ. ಹಾಗೇ ಒಂದಷ್ಟು ದೂರ ಓಡಿಸಿ ಬಂದು ನಾಲ್ಕೂ ರಿಮ್ಮುಗಳ ಹತ್ತಿರ ಕೈ ಹಿಡಿಯಿರಿ. ಹಿಂದಿನ ಒಂದು ಚಕ್ರ ಮಾತ್ರ ಸುಡುತ್ತಿದ್ದರೆ ಆ ಬದಿಯ ಹ್ಯಾಂಡ್‌ಬ್ರೇಕ್ ಕೇಬಲ್ ವಾಪಸ್ ಬರುತ್ತಿಲ್ಲ ಅಥವಾ ಕ್ಯಾಲಿಪರಿನ ಜಾರು ಪಿನ್ನಿಗೆ ಗ್ರೀಸು ಸಾಲದು. ಹಿಂದಿನ ಎರಡೂ ಸುಡುತ್ತಿದ್ದರೆ ಆ ರಬ್ಬರ್ ವಾಲ್ವ್ ಇನ್ನೂ ಒಳಗೇ ಇದೆಯಾ ಎಂದು ಮೊದಲು ಪರೀಕ್ಷಿಸಿ.